ಲೋಕೇಶ ಹಿಡಿದಿದ್ದ ಕೇಬಲ್

ರಾತ್ರಿ ಹನ್ನೊಂದು ಗಂಟೆ ನಲವತ್ತು ನಿಮಿಷ. ಆಗ ಮೊಬೈಲು ನನ್ನ ಕೈಯಲ್ಲೇ ಇತ್ತು, ಹಾಗಾಗಿ ಗಂಟೆಯ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದನ್ನು ನೀವು ನಂಬಿದರೂ ಸರಿ, ಬಿಟ್ಟರೂ ಸರಿ. ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ದೆವ್ವದ ಕತೆ ಹೇಳಲು ಬಂದವರನ್ನು ಎದುರಿಗೇ ನಕ್ಕು ಕಳಿಸುತ್ತಿದ್ದವಳು. ಈಗ ನನ್ನ ಬಲಗೈ ಹೆಬ್ಬೆರಳಿನ ಉಗುರು ಸೊಟ್ಟಗೆ ಬೆಳೆದಿದೆ. ತಲೆ ಬಾಚುವಾಗ, ಚಪಾತಿ ಲಟ್ಟಿಸುವಾಗ ಅದು ಕಣ್ಣಿಗೆ ಬೀಳುತ್ತದೆ. ಆವತ್ತು ನಡೆದದ್ದು ನಿಜ ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಅದೊಂದೇ.

ಅರಸೀಕೆರೆಯಲ್ಲಿ ನಮ್ಮಣ್ಣ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಹೆಸರು ಮಂಜುನಾಥ, ಎಲ್ಲರ ಬಾಯಲ್ಲಿ ಮಂಜಣ್ಣ. ಮದುವೆ, ಆರ್ಕೆಸ್ಟ್ರಾ, ಸಭೆ... ಯಾವುದಕ್ಕೂ ಇಲ್ಲ ಅನ್ನುವವನಲ್ಲ. ಅಂಗಡಿಯ ಹಿಂದೆಯೇ ಮನೆ, ಅದರಲ್ಲಿ ಅಂಗಡಿಗೆ ಅಂಟಿದ ಕೋಣೆ ನನ್ನದು. ಹಾಳಾದ ಕೇಬಲ್ ಕತ್ತರಿಸಿ ಹೊಸ ಪಿನ್ ಬೆಸೆಯುವುದು ನನ್ನ ಕೆಲಸ. ಬೇಲೂರು, ಹಳೇಬೀಡಿನ ಸೆಟ್‌ನವರೂ ನನ್ನ ಹತ್ತಿರವೇ ತಂದುಕೊಡುತ್ತಾರೆ.

ಆ ಕೇಬಲ್ ಒಳಗೆ ಏನಿರುತ್ತದೆ ಅಂತ ಒಂದು ಮಾತು ಹೇಳಿಬಿಡುತ್ತೇನೆ. ಮುಂದಿನದ್ದು ಅರ್ಥವಾಗಬೇಕಾದರೆ ಅದು ಬೇಕು.

ಮೈಕಿನ ಕೇಬಲ್ ಹೊರಗೆ ಕಪ್ಪು ರಬ್ಬರು. ಒಳಗೆ ಎರಡೇ ತಂತಿ, ಒಂದು ಕೆಂಪು, ಒಂದು ಬಿಳಿ. ಎರಡನ್ನೂ ಸುತ್ತಿಕೊಂಡು ತಾಮ್ರದ ಜಾಲರಿ. ಎರಡು ತುದಿಗೂ ಮೂರು ಕಾಲಿನ ಪಿನ್. ಮಾತು ಕೆಂಪು ತಂತಿಯಲ್ಲಿ ನೆಟ್ಟಗೆ ಹೋದರೆ ಬಿಳಿಯದರಲ್ಲಿ ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಹೊರಗಿನ ಗಲಾಟೆ ಏನೇ ನುಗ್ಗಿದರೂ ಎರಡರ ಮೇಲೂ ಒಂದೇ ಥರ ಕೂರುತ್ತದೆ. ಆಚೆ ತುದಿಯಲ್ಲಿ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಒಂದೇ ಥರ ಇದ್ದದ್ದು ಅಳಿಸಿಹೋಗುತ್ತದೆ. ಅಂದರೆ ಈ ಕೇಬಲ್‌ನಲ್ಲಿ ಹೊರಗಿನ ದನಿ ಬರುವುದಿಲ್ಲ. ಮೈಕಿಗೆ ಬಾಯಿಟ್ಟು ಆಡಿದ್ದು ಮಾತ್ರ ಬರುತ್ತದೆ.

ಜಾಲರಿಗೆ ಇನ್ನೂ ಒಂದು ಕೆಲಸ ಇದೆ. ಮೈಕಿನ ಲೋಹದ ಮೈಯನ್ನು ಅದು ಆಂಪ್ಲಿಫೈಯರ್ ಮೈಗೆ ಸೇರಿಸುತ್ತದೆ. ಆಂಪ್ಲಿಫೈಯರ್ ಮೈ ಪ್ಲಗ್ಗಿನ ದಪ್ಪ ಪಿನ್ನಿನ ಮೂಲಕ ಭೂಮಿಗೆ ಸೇರುತ್ತದೆ. ಆ ದಪ್ಪ ಪಿನ್ ಇರುವವರೆಗೂ ಭಯವಿಲ್ಲ.

ಆದರೆ ಕೆಲವು ಕಡೆ ಸೆಟ್ ಹಾಕಿದ ಕೂಡಲೇ ಸ್ಪೀಕರ್ ಬಾಕ್ಸಿನಿಂದ ‘ಗುಂಯ್’ ಅಂತ ಸದ್ದು ಹೊರಡುತ್ತದೆ. ಅರ್ಥಿಂಗ್ ಎರಡು ಕಡೆಯಿಂದ ಸೇರಿ ಸುತ್ತು ಬಿದ್ದಾಗ ಹಾಗಾಗುತ್ತದೆ. ಸರಿಯಾದ ಮದ್ದು ಬೇರೆ ಇದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ನಮ್ಮ ಕಡೆ ಸೆಟ್‌ನವರ ಮದ್ದು ಮಾತ್ರ ಒಂದೇ: ಕಟಿಂಗ್ ಪ್ಲೇಯರ್ ತಗೋ, ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿ ಬಿಸಾಕು. ಗುಂಯ್ ನಿಲ್ಲುತ್ತದೆ. ಜನ ಖುಷಿಯಾಗುತ್ತಾರೆ. ಏನಾದರೂ ಆಂಪ್ಲಿಫೈಯರ್ ಒಳಗೆ ಕರೆಂಟು ಮೈಗೆ ತಾಗಿದರೆ... ಅದು ಜಾಲರಿ ಹಿಡಿದು ನೇರವಾಗಿ ಹಾಡುವವನ ಅಂಗೈಗೆ ಬರುತ್ತದೆ.

ಹಿಂದಿನ ವರ್ಷ ಕಣಕಟ್ಟೆ ಹತ್ತಿರದ ತನ್ನ ಹಳ್ಳಿಯಲ್ಲೇ, ಒಂದು ಮದುವೆಯ ಪ್ರೋಗ್ರಾಮಿನಲ್ಲಿ ಲೋಕೇಶ ಸತ್ತಿದ್ದ. ನಮ್ಮ ಸೆಟ್‌ನಲ್ಲಿ ಹಾಡುತ್ತಿದ್ದ ಹುಡುಗ. ಹುಡುಗ ಅಂದರೆ ಮೂವತ್ತರ ಆಸುಪಾಸು, ಹೆಂಡತಿ ಇದ್ದಳು. ಹಾಡುವ ಮುಂಚೆ ಬಾಯಿಗೆ ಒಂದು ಲವಂಗ ಹಾಕಿಕೊಳ್ಳುವುದು ಅವನ ಅಭ್ಯಾಸ. ಅವನು ಹಾಡಿದ ಮೈಕು ವಾರವಾದರೂ ಲವಂಗದ ವಾಸನೆ ಬಿಡುತ್ತಿರಲಿಲ್ಲ. ಹಾಡುತ್ತಾ ಹಾಡುತ್ತಾ ಸ್ಟೇಜಿನ ಮೇಲೆ ಕುಸಿದನಂತೆ. “ಎದೆ ನಿಂತೋಯ್ತು ಕಣೇ,” ಅಂದಿದ್ದ ಅಣ್ಣ. ಊರೆಲ್ಲ ಹಾಗೇ ಅಂದಿತು. ನಾನೂ ಹಾಗೇ ತಿಳಿದೆ.

*

ಆ ರಾತ್ರಿ ನಾವಿದ್ದದ್ದು ಹಳೇಬೀಡಿನಲ್ಲಿ, ಕೆರೆಯ ಕಡೆಗೆ ಹೊಸದಾಗಿ ಕಟ್ಟಿದ ಒಂದು ಮದುವೆ ಮಂಟಪದಲ್ಲಿ. ಬೆಳಿಗ್ಗೆ ಮೊದಲ ಮದುವೆ. ಹುಡುಗಿ ಕಡೆಯವರು ಸಂಜೆಯೇ ಬಂದು ಲಾಡ್ಜಿಗೆ ಹೋಗಿದ್ದರು. ಹಾಲ್ ತುಂಬ ಹೊಸ ಪೇಂಟಿನ ವಾಸನೆ. ಕಿಟಕಿಯಿಂದ ಕೆರೆಯ ತಣ್ಣನೆ ಗಾಳಿ. ನಾವಿಬ್ಬರು, ಮತ್ತೆ ಗೇಟಿನ ಹತ್ತಿರ ವಾಚ್‌ಮನ್ ಬಸಣ್ಣ. ಇನ್ನೊಂದು ನರಪಿಳ್ಳೆ ಇರಲಿಲ್ಲ.

“ಅಮ್ಮಾವ್ರೇ, ಹೆಣ್ಮಕ್ಳು ಈ ಕೆಲ್ಸ ಮಾಡೋದು ನಾನು ಇದೇ ಫಸ್ಟು ನೋಡ್ತಿರೋದು,” ಅಂದಿದ್ದ ಬಸಣ್ಣ ಟೀ ಕೊಡುತ್ತಾ.

“ನಮ್ಮಣ್ಣನ ಕೈಲಿ ಆಗಲ್ಲ, ಅದಕ್ಕೆ,” ಅಂದೆ.

“ಏ, ಓದ್ಸಿದ್ದು ನಾನು ಕಣೇ!” ಏಣಿಯ ಮೇಲಿಂದ ಅಣ್ಣ ಕೂಗಿದ. “ನೋಡ್ರೀ ಬಸಣ್ಣ, ಬಿ.ಎಸ್ಸಿ. ಮಾಡಿಸಿದ್ರೆ ಹಿಂಗೆ ನಮ್ಮ ತಲೆ ಮೇಲೇ ಕೂರ್ತಾರೆ.”

ಮೂವರೂ ನಕ್ಕೆವು. ಬಸಣ್ಣ ಲೋಟ ತೆಗೆದುಕೊಂಡು ಗೇಟಿಗೆ ಹೋದ.

ಒಂದು ಮೈಕಿಗೆ ಕೇಬಲ್ ಸಾಲದೇ ಬಂತು. “ಆ ಗೋಣಿಚೀಲದ ತಳದಲ್ಲಿ ಒಂದೈತೆ ನೋಡು,” ಅಂದ ಅಣ್ಣ. ಹೇಳಿದವನೇ ಏಣಿಯಿಂದ ಒಂದು ಮೆಟ್ಟಿಲು ಇಳಿದ. “ಬೇಡ ಬಿಡು. ಬೇರೆ ಏನಾದ್ರೂ ಮಾಡಣ.”

ಅಷ್ಟರಲ್ಲಿ ನಾನು ಅದನ್ನು ಎಳೆದಾಗಿತ್ತು. ಒಳ್ಳೆಯ ಕೇಬಲ್. ಆದರೆ ಮೈಕಿನ ಕಡೆಯ ಪಿನ್ ಕಪ್ಪಗೆ ಸುಟ್ಟಿತ್ತು. ಪ್ಲಾಸ್ಟಿಕ್ ಕರಗಿ ಹೆಪ್ಪುಗಟ್ಟಿತ್ತು.

“ಇದೇನಣ್ಣ?”

“ಯಾವಾಗ್ಲೋ ಶಾರ್ಟ್ ಆಗಿತ್ತು.”

ನಾನು ನನ್ನ ಕಟ್ಟರ್ ತೆಗೆದು ಸುಟ್ಟ ಪಿನ್ ಕತ್ತರಿಸಿ ಹಾಕಿ ಹೊಸದನ್ನು ಬೆಸೆದೆ. ಬೆಸುಗೆಯ ರಾಳದ ಹೊಗೆ ಮೂಗಿಗೆ ಅಡರಿತು. ಅದರ ಹಿಂದೆಯೇ ಸಣ್ಣಗೆ ಇನ್ನೊಂದು ವಾಸನೆ... ಲವಂಗದ್ದು. ಬಸಣ್ಣನ ಟೀಯಲ್ಲಿ ಹಾಕಿದ್ದಿರಬೇಕು ಅಂದುಕೊಂಡೆ.

ಆವತ್ತಿನ ಮೂರು ಆಂಪ್ಲಿಫೈಯರ್‌ಗಳ ಪ್ಲಗ್ಗೂ ಹೊಸವು. ಹಿಂದಿನ ವಾರ ನಾನೇ ಹಾಕಿದ್ದೆ, ಮೂರಕ್ಕೂ ದಪ್ಪ ಪಿನ್ ಇದ್ದವು. ಮಂಟಪದ ಅರ್ಥಿಂಗ್ ಕೂಡ ಬಲ್ಬ್ ಹಿಡಿದು ನೋಡಿದ್ದೆ, ಸರಿಯಾಗಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಎಲ್ಲರೂ ಮೊದಲು ಕೇಳಿದ್ದು ಅದನ್ನೇ.

ಎಲ್ಲ ಸಿಕ್ಕಿಸಿ ಆನ್ ಮಾಡಿದೆ. ಮೊಬೈಲಿನಲ್ಲಿ ಹಾಡು ಹಾಕೋಣ ಅಂತ ಕೈಗೆತ್ತಿಕೊಂಡೆ. ಹನ್ನೊಂದು ನಲವತ್ತು.

ಗುಂಯ್...

“ಥೂ, ಬಂತು ನೋಡು ಶನಿ,” ಅಂದ ಅಣ್ಣ. “ಒಂದು ಅರ್ಥಿಂಗ್ ಕಿತ್ತಾಕೇ.”

“ಸಾಧ್ಯವೇ ಇಲ್ಲ. ತಡಿ, ಎಲ್ಲಿಂದ ಬರ್ತಿದೆ ನೋಡ್ತೀನಿ.”

ಮೈಕುಗಳ ಕೇಬಲ್ಲೆಲ್ಲ ಬಂದು ಸೇರುವ ಮಿಕ್ಸರ್‌ನಿಂದ ಒಂದೊಂದೇ ಕೇಬಲ್ ಕಿತ್ತೆ. ಸದ್ದು ನಿಲ್ಲಲಿಲ್ಲ. ಉಳಿದದ್ದು ಆ ಹಳೇ ಕೇಬಲ್ ಒಂದೇ. ಅದರ ಆ ತುದಿ ಸ್ಟೇಜಿನ ನಡುವೆ ಸ್ಟ್ಯಾಂಡಿನಲ್ಲಿದ್ದ ಮೈಕಿಗೆ ಹೋಗಿತ್ತು. ಅದನ್ನೂ ಕಿತ್ತೆ.

ಗುಂಯ್ ನಿಂತಿತು.

ಪಿನ್ ನನ್ನ ಕೈಯಲ್ಲಿತ್ತು. ಮಿಕ್ಸರ್‌ಗೆ ಒಂದೇ ಒಂದು ಕೇಬಲ್ ಇರಲಿಲ್ಲ. ಆಗ ನಾಲ್ಕೂ ಬಾಕ್ಸಿನಿಂದ ಒಬ್ಬರು ಮೆಲ್ಲಗೆ ಗಂಟಲು ಸರಿಮಾಡಿಕೊಂಡರು.

“ಎಲ್ಲಾರ್ಗೂ ಕೇಳುಸ್ತಾ ಐತಾ?”

ಅಣ್ಣ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ತಲೆ ಎತ್ತಿದೆ. ಅವನು ಏಣಿಯ ಮೇಲೆ ಎರಡೂ ಕೈಯಲ್ಲಿ ಬಾಕ್ಸು ಹಿಡಿದು ನಿಂತಿದ್ದ. ಆ ಮಾತು ಯಾರದು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಪ್ರತಿ ಪ್ರೋಗ್ರಾಮಿನಲ್ಲೂ ಲೋಕೇಶ ಶುರು ಮಾಡುತ್ತಿದ್ದದ್ದೇ ಹಾಗೆ.

ರೇಡಿಯೋ ನುಗ್ಗಿದೆ, ಯಾರದೋ ಮೊಬೈಲು ನುಗ್ಗಿದೆ... ಓದಿದ ತಲೆ ಏನೇನೋ ಹುಡುಕಿತು. ನುಗ್ಗಿದ ಸದ್ದಾದರೆ ಹರಿದು ಹರಿದು, ಗರಗರ ಅಂತ ಬರಬೇಕು. ಇದು ಹಾಗಿರಲಿಲ್ಲ. ತುಟಿ ಮೈಕಿಗೆ ತಾಗುವುದು ಕೇಳುತ್ತಿತ್ತು. ಲವಂಗ ಕಡಿಯುವ ‘ಕಟುಂ’ ಕೂಡ ಕೇಳಿತು.

“ಮಂಜಣ್ಣ... ಮೈಕು ಜುಮ್ ಅಂತೈತೆ ಕಣಣ್ಣ.”

“ಆಫ್ ಮಾಡೇ!” ಅಣ್ಣ ಕಿರುಚಿದ. ಏಣಿಯಿಂದ ಅರ್ಧ ಇಳಿದು ಅರ್ಧ ಬಿದ್ದ.

ಮೂರೂ ಆಂಪ್ಲಿಫೈಯರ್ ಆಫ್ ಮಾಡಿದೆ. ಅವುಗಳ ದೀಪಗಳು ಆರಿದವು. ದನಿ ಆರಲಿಲ್ಲ. ಈಗ ಅದರ ಜೊತೆ ಇನ್ನೊಂದು ದನಿ ಬಂತು, ನಮ್ಮಣ್ಣನದೇ.

“ಏನಾಗಲ್ಲ ಹಿಡ್ಕಳ್ಲಾ ಲೋಕಿ. ಮೈಕೇನ್ ಹಾವಾ, ಕಚ್ಚಕ್ಕೆ?”

ಅಣ್ಣ ನನ್ನ ಮುಂದೆಯೇ ನೆಲದ ಮೇಲೆ ಕೂತಿದ್ದ. ಬಾಯಿ ಮುಚ್ಚಿತ್ತು. ಅವನ ಮಾತು ಬಾಕ್ಸಿನಿಂದ ಬರುತ್ತಿತ್ತು.

“ಆಗ್ಲಿಂದ ಹೇಳ್ತಾವ್ನಿ ಅಣ್ಣ. ಕೈಯೆಲ್ಲಾ ಹಿಡ್ದಂಗಾಯ್ತದೆ. ಆ ದಪ್ಪ ಪಿನ್ ಯಾಕೆ ಕತ್ತರಿಸ್ದೆ?”

“ಗುಂಯ್ ಅಂತಿತ್ತು, ಹೆಣ್ಣಿನಪ್ಪ ಬೈತಾನೆ. ಕೈ ಒರೆಸ್ಕಂಡು ಹಿಡ್ಕ. ಹೆಣ್ಣುಡ್ಗಿ ತರ ಆಡ್ಬ್ಯಾಡ ಕಣ್ಲಾ, ಜನ ಕಾಯ್ತಾವ್ರೆ.”

ಆಮೇಲೆ ಹಾಡು ಶುರುವಾಯಿತು. ಎರಡು ಸಾಲು. ಮೂರನೆಯದರ ಮಧ್ಯದಲ್ಲಿ ದನಿ ಬಿಗಿಯಿತು... ಹಲ್ಲು ಹಲ್ಲಿಗೆ ಕಚ್ಚಿಕೊಂಡ ಹಾಗೆ ಒಂದೇ ಸಮನೆ ‘ಙ್ ಙ್ ಙ್’... ಏನೋ ಭಾರವಾದದ್ದು ಹಲಗೆಯ ಮೇಲೆ ಬಿತ್ತು.

ಹಾಲ್ ನಿಶ್ಶಬ್ದವಾಯಿತು. ಹೊರಗೆ ಕೆರೆಯ ಕಪ್ಪೆಗಳೂ ಕೂಗು ನಿಲ್ಲಿಸಿದ್ದವು.

“ಅಣ್ಣ,” ಅಂದೆ. “ಎದೆ ನಿಂತೋಯ್ತು ಅಂದಿದ್ದೆ ನೀನು.”

ಅವನು ಸ್ಟೇಜಿನ ಮೈಕನ್ನೇ ನೋಡುತ್ತಿದ್ದ.

ಆಂಪ್ಲಿಫೈಯರ್ ದೀಪಗಳು ತಾವಾಗೇ ಹತ್ತಿಕೊಂಡವು. ಒಂದು. ಇನ್ನೊಂದು. ಮತ್ತೊಂದು.

“ಮಂಜಣ್ಣ,” ಅಂದಿತು ದನಿ. ಈಗ ಅದು ಹಿಂದೆಂದೋ ಆಡಿದ ಮಾತಲ್ಲ. ಈಗಷ್ಟೇ, ನಮ್ಮನ್ನು ನೋಡುತ್ತಾ, ಬಾಯೊಳಗೆ ಲವಂಗ ಹೊರಳಿಸಿಕೊಂಡು ಆಡಿದ್ದು. “ಬಾರಣ್ಣ. ಈಗ ನೀನ್ ಒಂದ್ಸಲ ಹಿಡ್ಕ.”

ಅಣ್ಣ ಎದ್ದು ನಿಂತ. ಒಂದು ಹೆಜ್ಜೆ ಇಟ್ಟ.

“ಎಲ್ಲಿಗೆ? ಅಣ್ಣ!”

“ನಾನಲ್ಲ ಸುಧಾ...” ಅಂದ. “ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ ಕಣೇ...”

ಟಿಣ್.

ಹಿತ್ತಾಳೆ ಕಲ್ಲಿಗೆ ಬಡಿದ ಸದ್ದು. ತಿರುಗಿ ನೋಡಿದೆ. ಪ್ಲಗ್ ಬೋರ್ಡಿನ ಕೆಳಗೆ ಗ್ರಾನೈಟ್ ನೆಲದ ಮೇಲೆ ದಪ್ಪ ಪಿನ್ನಿನ ತುಂಡೊಂದು ಉರುಳುತ್ತಿತ್ತು. ಪ್ಲಗ್ ಹಾಕಿದ್ದ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಗೋಡೆಯ ಒಳಗಿದ್ದ ಪಿನ್ ಹೊರಗೆ ಬಿದ್ದಿತ್ತು.

ಟಿಣ್.

ಎರಡನೆಯದು. ಅಣ್ಣ ಸ್ಟೇಜಿನ ಮೆಟ್ಟಿಲು ಹತ್ತುತ್ತಿದ್ದ. ಉಳಿದಿದ್ದದ್ದು ಒಂದೇ. ಮಿಕ್ಸರ್‌ಗೆ ಕೇಬಲ್ ಇಲ್ಲದೆಯೂ ದನಿ ಬಂದಿತ್ತು, ಕರೆಂಟೂ ಹಾಗೇ ಬಂದೀತು. ಅದೂ ಬಿದ್ದರೆ ಮೈಕಿನಿಂದ ಭೂಮಿಗೆ ಹೋಗಲು ನಮ್ಮಣ್ಣನ ಮೈ ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ.

ನಾನು ಮೇನ್ ಸ್ವಿಚ್ ಕಡೆ ಓಡಿದೆ. ಅದು ಅಡುಗೆಮನೆ ಪಕ್ಕದ ಓಣಿಯಲ್ಲಿತ್ತು. ಬಾಗಿಲ ಹತ್ತಿರ ಬಂದಾಗ ದನಿ ಬಾಕ್ಸಿನಿಂದ ಬರಲಿಲ್ಲ. ನನ್ನ ಕಿವಿಯ ಪಕ್ಕದಲ್ಲೇ ಬಂತು, ಬಿಸಿ ಉಸಿರಿನ ಜೊತೆ.

“ಅಕ್ಕ, ನೀನ್ ಹೊರ್ಗೆ ಹೋಗು. ನಿಂದೇನಿಲ್ಲ.”

ನಿಜ ಹೇಳುತ್ತೇನೆ. ಒಂದು ಕ್ಷಣ ನಿಂತೆ. ಆ ದನಿಯಲ್ಲಿ ನನ್ನ ಮೇಲೆ ದ್ವೇಷವಿರಲಿಲ್ಲ. ಲೋಕೇಶ ನಮ್ಮನೆಯಲ್ಲಿ ಎಷ್ಟು ಸಲ ಉಂಡಿದ್ದ. ಅವನು ಕೇಳುತ್ತಿದ್ದದ್ದು ಅನ್ಯಾಯವೂ ಆಗಿರಲಿಲ್ಲ... ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಆದರೆ ಅಲ್ಲಿದ್ದದ್ದು ನಮ್ಮಣ್ಣ. ಮೇನ್ ಎಳೆದೆ.

ಮಂಟಪ ಪೂರ್ತಿ ಕತ್ತಲಾಯಿತು. ಆ ಕತ್ತಲಲ್ಲಿ ಮೂರನೆಯದು ಬಿತ್ತು. ಟಿಣ್.

ಮತ್ತೆ ಶುರುವಾಯಿತು. ಗುಂಯ್... ಕರೆಂಟಿಲ್ಲದ ಬಾಕ್ಸಿನಿಂದ, ಜೇನು ಎದ್ದ ಹಾಗೆ. ಅದರ ಜೊತೆ ನಮ್ಮಣ್ಣನ ಬಾಯಿಂದ ‘ಙ್ ಙ್ ಙ್’.

ಮೊಬೈಲಿನ ಟಾರ್ಚ್ ಹಾಕಿಕೊಂಡು ಓಡಿದೆ. ಅಣ್ಣ ಸ್ಟೇಜಿನ ಮೇಲೆ ಮಂಡಿಯೂರಿದ್ದ. ಎರಡೂ ಕೈಯಲ್ಲಿ ಮೈಕು. ಬೆರಳುಗಳು ಬಿಳುಚಿಕೊಂಡು ಬಿಗಿದಿದ್ದವು. ಕಣ್ಣು ಮೇಲೆ ಹೋಗಿತ್ತು. ಕೂದಲು ಸುಟ್ಟ ವಾಸನೆ, ಲವಂಗದ ವಾಸನೆ.

ಕರೆಂಟು ಹಿಡಿದವರನ್ನು ಮುಟ್ಟಬಾರದು ಅನ್ನುವುದು ನನಗೆ ಗೊತ್ತು. ಪ್ಲಾಸ್ಟಿಕ್ ಕುರ್ಚಿ ಎಳೆದು ಅದರ ಮೇಲೆ ಮಂಡಿಯೂರಿ, ದುಪ್ಪಟ್ಟಾ ಕೈಗೆ ಸುತ್ತಿ, ಮೈಕಿನ ಬುಡದಲ್ಲಿದ್ದ ಪಿನ್ ಹಿಡಿದೆ. ಕಾರ್ಯಕ್ರಮದ ಮಧ್ಯೆ ಕಿತ್ತು ಬರದಿರಲಿ ಅಂತ ಅದಕ್ಕೊಂದು ಪುಟ್ಟ ಕೊಂಡಿ ಇರುತ್ತದೆ. ಹೆಬ್ಬೆರಳಿನಲ್ಲಿ ಅದನ್ನು ಅದುಮಿಕೊಂಡೇ ಎಳೆಯಬೇಕು. ದಿನಕ್ಕೆ ನೂರು ಸಲ ಮಾಡುವ ಕೆಲಸ. ಆವತ್ತು ಕೊಂಡಿ ಅಲುಗಲಿಲ್ಲ. ಒಳಗಿನಿಂದ ಯಾರೋ ಅದನ್ನು ಹಿಡಿದುಕೊಂಡಿದ್ದರು. ನಾನು ಅದುಮಿದಷ್ಟೂ ಅದು ನನ್ನನ್ನು ತಿರುಗಿ ನೂಕುತ್ತಿತ್ತು.

“ಬಿಡೋ ಲೋಕೇಶ... ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಬಿಡೋ!”

ಹೆಬ್ಬೆರಳಿನ ಉಗುರು ಬುಡದಿಂದ ಕಿತ್ತು ಬಂತು. ಬೆಂಕಿಯ ಸಲಾಕೆ ತೋಳಿನ ಒಳಗೆ ಹೊಕ್ಕ ಹಾಗಾಯಿತು. ಆಮೇಲೆ ‘ಟಿಕ್’ ಅಂತ ಕೊಂಡಿ ಬಿಟ್ಟುಕೊಂಡಿತು. ನಾನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ.

ಗುಂಯ್ ನಿಂತಿತು. ಕತ್ತಲಲ್ಲಿ, ತೀರಾ ಹತ್ತಿರದಲ್ಲಿ, ಬೇಸರದಿಂದ ಆಡಿದ ಹಾಗೆ ಒಂದು ಮಾತು ಬಂತು.

“ಅಡ್ಡ ಬಂದ್ಬಿಟ್ಟೆ ಅಲ್ವಾ ಅಕ್ಕ...”

*

ದೀಪ ಹೋದದ್ದು ನೋಡಿ ಬಸಣ್ಣ ಬ್ಯಾಟರಿ ಹಿಡಿದು ಓಡಿ ಬಂದ. ನಮ್ಮ ಕಿರುಚಾಟ ಅವನಿಗೆ ಕೇಳಿರಲೇ ಇಲ್ಲ. ಬಂದವನೇ ಕೇಳಿದ: “ಯಾರಮ್ಮ ಅಷ್ಟು ಚೆಂದಾಗಿ ಹಾಡ್ತಿದ್ದೋರು? ಕೇಳ್ತಾ ಕೂತಿದ್ದೆ. ಮಧ್ಯಕ್ಕೇ ನಿಲ್ಲಿಸ್ಬಿಟ್ರು.”

ಅಣ್ಣ ಉಸಿರಾಡುತ್ತಿದ್ದ. ಹಾಸನದ ಆಸ್ಪತ್ರೆಯಲ್ಲಿ ಕರೆಂಟಿನ ಸುಟ್ಟ ಗಾಯ ಅಂದರು. ಎರಡೂ ಅಂಗೈಯಲ್ಲಿ ಮೈಕಿನ ಸುತ್ತಳತೆಯ, ಬಳೆಯಂಥ ಕಪ್ಪು ಗುರುತು. ಆಮೇಲೆ ಆ ಮೂರೂ ಆಂಪ್ಲಿಫೈಯರ್ ಬಿಚ್ಚಿ ನೋಡಿದೆ. ಒಂದರಲ್ಲೂ ಕರೆಂಟು ಮೈಗೆ ತಾಗುವಂಥದ್ದು ಏನೂ ಇರಲಿಲ್ಲ. ನೆಲದಿಂದ ಆರಿಸಿಟ್ಟಿದ್ದ ಪಿನ್ನಿನ ತುಂಡುಗಳನ್ನು ಬೆಳಕಿಗೆ ಹಿಡಿದೆ. ಕತ್ತರಿಸಿದ ಕಡೆ ಒಂದು ಸಣ್ಣ ಗೀರು. ನಮ್ಮಣ್ಣನ ಕಟಿಂಗ್ ಪ್ಲೇಯರ್ ಬಾಯಿ ಒಂದು ಕಡೆ ಮುಕ್ಕಾಗಿದೆ, ಅದರಲ್ಲಿ ಕತ್ತರಿಸಿದ್ದಕ್ಕೆಲ್ಲ ಅದೇ ಗೀರು ಬೀಳುತ್ತದೆ. ಆ ರಾತ್ರಿ ಅದು ವ್ಯಾನಿನಲ್ಲಿತ್ತು, ವ್ಯಾನಿಗೆ ಬೀಗ ಹಾಕಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿಲ್ಲ ಅಂತ ಅರಸೀಕೆರೆಗೆ ಬಂದ ಮೊದಲ ರಾತ್ರಿಯೇ ಗೊತ್ತಾಯಿತು.

ಹನ್ನೊಂದು ನಲವತ್ತಕ್ಕೆ ಗೋಡೆಯೊಳಗಿಂದ ಗುಂಯ್... ಕರೆಂಟು ಹೋದ ರಾತ್ರಿಯೂ ಬರುತ್ತಿತ್ತು. ಆಗ ರೈಲು ಹೋದರೂ ಅದರ ಸದ್ದನ್ನು ಇದು ನುಂಗುತ್ತಿತ್ತು. ಅತ್ತಿಗೆಗೆ ಕೇಳಿಸುತ್ತಿರಲಿಲ್ಲ, ನಮ್ಮಿಬ್ಬರಿಗೆ ಮಾತ್ರ. ಪಕ್ಕದ ಕೋಣೆಯಲ್ಲಿ ಅಣ್ಣನ ಬೆರಳುಗಳು ನಿದ್ದೆಯಲ್ಲಿ ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು, ಏನನ್ನೋ ಹಿಡಿದ ಹಾಗೆ. ಬಿಡಿಸಲು ಹೋದರೆ ಅತ್ತಿಗೆಗೆ ಆಗುತ್ತಿರಲಿಲ್ಲ. ಬೆಳಗಿನ ಜಾವ ತಾವಾಗೇ ಬಿಡುತ್ತಿದ್ದವು. ಆಗಲೇ ನನ್ನ ಕಿವಿಯಲ್ಲೂ ಆ ದನಿ ನಿಲ್ಲುತ್ತಿದ್ದದ್ದು: ಅಡ್ಡ ಬಂದೆ ಅಲ್ವಾ... ಅಡ್ಡ ಬಂದೆ ಅಲ್ವಾ...

ಅಣ್ಣ ಸೊರಗಿ ಹೋದ. ಒಂದು ದಿನ ಬೆಳಿಗ್ಗೆ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು, “ಕಣಕಟ್ಟೆ ಕಡೆ ಹೋಗ್ಬೇಕು, ಬಾರೇ,” ಅಂದ. ನಾನು ವ್ಯಾನಿನ ಕೀಲಿ ತೆಗೆದುಕೊಂಡೆ.

ಲೋಕೇಶನ ಹೆಂಡತಿ ಜಯಮ್ಮ ಆ ಹಳ್ಳಿಯ ಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಾಳೆ. ಪಾತ್ರೆ ತೊಳೆಯುತ್ತಿದ್ದಳು. ಅಣ್ಣ ಅಲ್ಲೇ ನಲ್ಲಿಯ ಹತ್ತಿರ ನಿಂತು ಎಲ್ಲ ಹೇಳಿದ. ದಪ್ಪ ಪಿನ್ ಕತ್ತರಿಸಿದ್ದು, ಲೋಕೇಶ ಬೇಡ ಬೇಡ ಅಂದಿದ್ದು, ಜನ ಅವನ ಸುತ್ತ ಸೇರಿದ್ದಾಗ ಯಾರಿಗೂ ಕಾಣದ ಹಾಗೆ ಪ್ಲಗ್ ಬದಲಾಯಿಸಿದ್ದು.

ಜಯಮ್ಮ ಅಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು.

“ನನ್ನ ಕಿವೀಲಿ ಯಾಕೆ ಹೇಳ್ತೀಯ ಮಂಜಣ್ಣ? ನಮ್ಮೆಜಮಾನ್ರು ಸತ್ತಿದ್ದು ಊರ ಮುಂದೆ. ಕುಡ್ದಿದ್ದ, ಅದಕ್ಕೇ ಎದೆ ಒಡ್ಕಂಡ ಅಂತ ಊರೆಲ್ಲಾ ಅಂತು. ಒಂದಿನ ಮುಟ್ಟಿದೋರಲ್ಲ. ನೀನು ಅಲ್ಲೇ ನಿಂತಿದ್ದೆ, ಇಲ್ಲ ಅನ್ನಲಿಲ್ಲ.”

“ತಪ್ಪಾಯ್ತು ಕಣವ್ವ.”

“ಊರ ಮುಂದೇನೇ ಹೇಳು. ಅದೇ ಜಾಗ್ದಲ್ಲಿ, ಅದೇ ಮೈಕು, ಅದೇ ವೈರು. ಪ್ಲಗ್ಗು ನಾನೇ ಹಾಕ್ತೀನಿ.”

ಆ ಕೊನೆಯ ಮಾತಿಗೆ ಅಣ್ಣ ತಲೆ ಎತ್ತಿ ಅವಳನ್ನು ನೋಡಿದ. ಅವಳೂ ನೋಡಿದಳು. ಅವಳು ಕೇಳುತ್ತಿರುವುದು ಅಣ್ಣನ ಜೀವ ತನ್ನ ಕೈಗೆ ಬರಲಿ ಅಂತ, ಅದು ಮೂವರಿಗೂ ಅರ್ಥವಾಗಿತ್ತು.

“ಆಯ್ತು,” ಅಂದ ಅಣ್ಣ. “ಶನಿವಾರ ಬತ್ತೀವಿ. ಹೇಳಿಬಿಟ್ಟು ಅಲ್ಲಿಂದ ನೇರ ಠಾಣೆಗೆ ಹೋಗ್ತೀನಿ.”

ಶುಕ್ರವಾರ ರಾತ್ರಿ ನನ್ನ ಕೋಣೆಯಲ್ಲಿ ಒಬ್ಬಳೇ ಕೂತು ಆ ಕೇಬಲ್‌ನ ಪಿನ್ ಬಿಚ್ಚಿದೆ. ಹೊಸ ಪ್ಲಗ್ಗು, ಹೊಸ ದಪ್ಪ ಪಿನ್ನು, ಯಾವುದನ್ನೂ ನಾನು ನಂಬುವ ಸ್ಥಿತಿಯಲ್ಲಿರಲಿಲ್ಲ. ಕೆಂಪು ತಂತಿ, ಬಿಳಿ ತಂತಿ ಹಾಗೇ ಬಿಟ್ಟೆ. ಮೈಕಿನ ಕಡೆ ಜಾಲರಿಯ ಬೆಸುಗೆಯನ್ನು ಮಾತ್ರ ಕಿತ್ತೆ. ಜಾಲರಿಯನ್ನು ಗಿಡ್ಡಗೆ ಕತ್ತರಿಸಿ, ಅದರ ಮೇಲೆ ಟೇಪ್ ಸುತ್ತಿ, ಪಿನ್ ಮುಚ್ಚಿದೆ. ಮಾತು ಹೋಗುತ್ತದೆ. ಕರೆಂಟು ಮೈಕಿನ ಮೈಗೆ ಬರಲಾರದು. ಎಷ್ಟು ಪಿನ್ ಉದುರಿದರೂ ಬರಲಾರದು. ಅಣ್ಣನಿಗೂ ಹೇಳಲಿಲ್ಲ. ಜಯಮ್ಮನಿಗೆ, ಲೋಕೇಶನಿಗೆ, ಇಬ್ಬರಿಗೂ ಇದು ಮೋಸ ಅಂತ ಗೊತ್ತಿದ್ದೇ ಮಾಡಿದೆ. ಆವತ್ತು ಗುಂಯ್ ಬೆಳಗಾಗುವವರೆಗೂ ಬಿಡಲಿಲ್ಲ.

*

ಶನಿವಾರ ಸಂಜೆ ಊರ ಮುಂದಿನ ಅರಳಿಕಟ್ಟೆಯ ಹತ್ತಿರ ಜನ ಸೇರಿದ್ದರು. ವಿಷಯ ಆಗಲೇ ಹಬ್ಬಿತ್ತು. “ಏನ್ಲಾ, ಹಾಡಿಸ್ತಾರಾ?” ಅಂತ ಯಾರೋ ಕೇಳಿದರು. “ಸುಮ್ನಿರ್ಲಾ, ಮುಂಡೇದೇ,” ಅಂತ ಇನ್ನೊಬ್ಬರು ಬೈದರು.

ಜಯಮ್ಮ ಪ್ಲಗ್ ಕೈಗೆ ತೆಗೆದುಕೊಂಡಳು. ದಪ್ಪ ಪಿನ್ನನ್ನು ಬೆರಳಲ್ಲಿ ಸವರಿದಳು. ತುಂಬ ಹೊತ್ತು. ಆಮೇಲೆ ಬೋರ್ಡಿಗೆ ಒತ್ತಿದಳು.

ಅಣ್ಣ ಮೈಕು ಹಿಡಿದ. ಮೈಕು ಅವನ ಹಲ್ಲಿಗೆ ಬಡಿದ ಸದ್ದು ಬಾಕ್ಸಿನಲ್ಲಿ ಬಂತು.

“ಲೋಕೇಶ ಕುಡ್ದಿರಲಿಲ್ಲ,” ಅಂದ. “ಅವನಿಗೆ ಎದೆ ನೋವೂ ಇರಲಿಲ್ಲ. ಅವನ್ನ ಕೊಂದಿದ್ದು ನಾನು.”

ಎಲ್ಲ ಹೇಳಿದ. ನಾನು ನೆಲವನ್ನೇ ನೋಡುತ್ತಾ ‘ಟಿಣ್’ ಸದ್ದಿಗೆ ಕಾಯುತ್ತಿದ್ದೆ. ಮಧ್ಯದಲ್ಲಿ ಒಮ್ಮೆ ಅಣ್ಣ ಮಾತು ನಿಲ್ಲಿಸಿ ತನ್ನ ಕೈಯನ್ನು ನೋಡಿಕೊಂಡ. ಆಮೇಲೆ ಮುಂದುವರಿಸಿದ. ಮುಗಿಸಿ ಮೈಕು ಕೆಳಗಿಟ್ಟ.

ಏನೂ ಆಗಲಿಲ್ಲ. ಗಾಳಿಯಲ್ಲಿ ಸಣ್ಣಗೆ ಲವಂಗದ ವಾಸನೆ ಬಂದು ಹೋಯಿತು. ಜಯಮ್ಮ ಪ್ಲಗ್ ಕಿತ್ತು ನನ್ನ ಕೈಗೆ ಕೊಟ್ಟಳು. ಕ್ಷಮಿಸಿದೆ ಅನ್ನಲಿಲ್ಲ. “ಹೋಗಿ. ಠಾಣೆ ಬಾಗಿಲು ಯಾವಾಗ್ಲೂ ತೆಗ್ದಿರ್ತದೆ,” ಅಂದಳು.

ವ್ಯಾನಿನಲ್ಲಿ ಕೂತ ಮೇಲೆ ಕೇಳಿದೆ: “ಮಧ್ಯದಲ್ಲಿ ಯಾಕಣ್ಣ ನಿಲ್ಲಿಸಿದೆ?”

“ಜುಮ್ ಅಂತು ಕಣೇ,” ಅಂದ. “ಒಂದೇ ಸಲ. ಸಣ್ಣಗೆ.”

“ಆಗಕ್ಕೆ ಸಾಧ್ಯವೇ ಇಲ್ಲ,” ಅಂದೆ.

ಅವನನ್ನು ಠಾಣೆಯಲ್ಲಿ ಬಿಟ್ಟೆ. ಆವತ್ತು ರಾತ್ರಿ ಅವನು ಅಲ್ಲೇ ಉಳಿದ. ಮನೆಗೆ ಬಂದವಳು ಅತ್ತಿಗೆಯನ್ನು ಸಮಾಧಾನ ಮಾಡಿ, ಕೋಣೆಗೆ ಹೋಗಿ, ಆ ಪಿನ್ ಬಿಚ್ಚಿದೆ.

ನನ್ನ ಟೇಪ್ ಇರಲಿಲ್ಲ. ಗಿಡ್ಡಗೆ ಕತ್ತರಿಸಿದ್ದ ಜಾಲರಿ ಉದ್ದವಾಗಿತ್ತು. ಅದು ಹುರಿಗೊಂಡು ತನ್ನ ಜಾಗಕ್ಕೆ ಸೇರಿತ್ತು. ಬೆಸುಗೆ ಹೊಸದು, ಬೆಳ್ಳಿಯ ಹನಿಯ ಹಾಗೆ ಹೊಳೆಯುತ್ತಿತ್ತು. ನನ್ನ ಕೈಯ ಬೆಸುಗೆ ನನಗೆ ಗೊತ್ತು, ಅದು ನನ್ನದಲ್ಲ. ವ್ಯಾನಿನಿಂದ ಅರಳಿಕಟ್ಟೆಗೆ, ಅರಳಿಕಟ್ಟೆಯಿಂದ ವ್ಯಾನಿಗೆ, ಆ ಕೇಬಲ್ ನನ್ನ ಕೈ ಬಿಟ್ಟಿರಲಿಲ್ಲ. ಮೂಗಿನ ಹತ್ತಿರ ತಂದೆ. ರಾಳದ ವಾಸನೆ ಇರಲಿಲ್ಲ. ಲವಂಗ.

ಅಂದರೆ ಅಣ್ಣ ಮಾತಾಡಿದಷ್ಟು ಹೊತ್ತೂ ದಾರಿ ತೆರೆದೇ ಇತ್ತು. ಬೇಕಿದ್ದರೆ ಬರಬಹುದಿತ್ತು. ಬರಲಿಲ್ಲ. ಲೋಕೇಶ ಬಿಟ್ಟುಕೊಟ್ಟನೋ... ಇಲ್ಲ, ಒಂದು ಸಲ ಜುಮ್ ಅನ್ನಿಸಿ, ಇಲ್ಲೇ ಇದ್ದೀನಿ ಅಂತ ಹೇಳಿದನೋ. ಇವತ್ತಿಗೂ ನನಗೆ ಗೊತ್ತಿಲ್ಲ. ಆ ಕೇಬಲ್ ಬಿಸಾಕುವ ಧೈರ್ಯವೂ ಇಲ್ಲ, ಇನ್ನೊಮ್ಮೆ ಬಿಚ್ಚುವ ಧೈರ್ಯವೂ ಇಲ್ಲ. ಗೋಣಿಚೀಲದ ತಳದಲ್ಲಿದೆ.

ಆವತ್ತು ಹನ್ನೊಂದು ನಲವತ್ತಕ್ಕೆ ಹಾಸಿಗೆಯ ಮೇಲೆ ಕೂತು ಕಾಯುತ್ತಿದ್ದೆ. ಗೋಡೆ ಸುಮ್ಮನಿತ್ತು. ದೂರದಲ್ಲಿ ಜಂಕ್ಷನ್ನಿಗೆ ಒಂದು ರೈಲು ಬಂದು ನಿಂತಿತು, ಅದರ ಸದ್ದು ಪೂರ್ತಿ ಕೇಳಿಸಿತು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಹಳೇಬೀಡಿನಿಂದ ಬಂದ ಮೇಲೆ ನಾನು ಬೆಳಗಿನವರೆಗೂ ನಿದ್ದೆ ಮಾಡಿದ್ದು ಆ ಶನಿವಾರವೇ ಮೊದಲು.